ಕ್ರಯಪತ್ರದ ಒಂದು ಕಲಮು: ಬಳ್ಳಾರಿಯ ಪತ್ರ ಬರಹಗಾರರೊಬ್ಬರ ಸೇವೆ

ಬಳ್ಳಾರಿಯ ಕೌಲ್ ಬಜಾರ್ ಕಡೆ ನಾವು ಕೊಂಡ ಹಳೆಯ ಮನೆಯ ಕರಾರು ಪತ್ರವನ್ನೂ ಕ್ರಯಪತ್ರವನ್ನೂ ಉಪನೋಂದಣಿ ಕಚೇರಿಗೆ ಸಮೀಪದ ಪತ್ರ ಬರಹಗಾರರೊಬ್ಬರಲ್ಲಿ ಬರೆಸಿದೆವು. ಅವರ ಕೆಲಸದಲ್ಲಿ ಬೆಲೆಯುಳ್ಳದ್ದು ಮನೆಯ ಮೇಲಿನ ಕಂದಾಯ ಮತ್ತು ಅಭಿವೃದ್ಧಿ ಶುಲ್ಕದ ಹೊಣೆ ಯಾರದೆಂದು ಬಿಡಿಸಿ ಬರೆದ ಕಲಮು.

‘ಇಲ್ಲಿಯವರೆಗಿನ ಸಕಲ ಕಂದಾಯಗಳನ್ನು ಮಾರಾಟಗಾರರು ಕಟ್ಟಿರುತ್ತಾರೆ’ ಎಂಬ ಒಂದು ಸಾಲಿಗೆ ಬಹುತೇಕರು ತೃಪ್ತರಾಗುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾರಾಟದ ದಿನದವರೆಗೆ ಸಲ್ಲಬೇಕಾದ ಸಾರ್ವಜನಿಕ ತೆರಿಗೆಗಳು ಮಾರುವವರ ಹೊಣೆ, ಒಡೆತನ ಕೈಸೇರಿದ ನಂತರದವು ಕೊಳ್ಳುವವರ ಹೊಣೆ. ತೊಡಕಿರುವುದು ಇವೆರಡರ ನಡುವೆ: ರಸ್ತೆಗೋ ಒಳಚರಂಡಿಗೋ ಶುಲ್ಕ ಮೊದಲೇ ನಿಗದಿಯಾಗಿ, ಅದರ ಕಂತು ಅಥವಾ ಬೇಡಿಕೆ ನೋಟಿಸು ನೋಂದಣಿಯಾದ ಮೇಲೆ ಬಂದರೆ ಯಾರು ಕಟ್ಟಬೇಕು? ನಮ್ಮ ಬರಹಗಾರರು ಇದನ್ನು ತಾವಾಗಿಯೇ ಎತ್ತಿ, ‘ನೋಂದಣಿಗೆ ಮುಂಚೆ ನಿಗದಿಯಾದ ಯಾವುದೇ ಶುಲ್ಕದ ಬೇಡಿಕೆ ಮುಂದೆ ಬಂದಾಗ್ಯೂ ಮಾರಾಟಗಾರರೇ ಭರಿಸತಕ್ಕದ್ದು’ ಎಂದು ಸೇರಿಸಿದರು. ಮಾರುವವರು ಮೊದಲು ಒಪ್ಪಲಿಲ್ಲ. ಮನೆಯ ಮುಂದಿನ ಹೊಸ ರಸ್ತೆಯ ಲಾಭ ನಿಮಗೇ ತಾನೆ ಎಂದರು. ಆ ವಾದ ತೀರಾ ತಳ್ಳಿಹಾಕುವಂಥದ್ದೂ ಅಲ್ಲ, ಆದರೆ ಆ ರಸ್ತೆಯನ್ನು ತೋರಿಸಿಯೇ ಅವರು ಬೆಲೆ ಏರಿಸಿದ್ದರು.

ಇಂತಹ ಕಲಮು ಪಾಲಿಕೆಯನ್ನು ಕಟ್ಟಿಹಾಕುವುದಿಲ್ಲ. ಬಾಕಿ ಸ್ವತ್ತಿನ ಬೆನ್ನಿಗೇ ಇರುವುದರಿಂದ ನೋಟಿಸು ಬರುವುದು ಹೊಸ ಮಾಲೀಕರ ಬಾಗಿಲಿಗೆ. ಆದ್ದರಿಂದ ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವ ತನಕ ಕ್ರಯದ ಹಣದಲ್ಲಿ ಸ್ವಲ್ಪ ಭಾಗವನ್ನು ತಡೆಹಿಡಿಯಲು ಬರಹಗಾರರು ಹೇಳಿದ್ದು ಸರಿಯಾದ ಸಲಹೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆದ ಇ.ಸಿ. (ಋಣಭಾರ ಪ್ರಮಾಣಪತ್ರ) ಒಂದನ್ನೇ ನಂಬಿ ಕೂರುವವರು ಇದನ್ನು ಗಮನಿಸಬೇಕು: ಅದರಲ್ಲಿ ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ, ಕಂದಾಯದ ಬಾಕಿಯಲ್ಲ.

ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಇರುವುದರಿಂದ ಮಾರುವವರು ಇಡೀ ವರ್ಷದ ಆಸ್ತಿ ತೆರಿಗೆಯನ್ನು ಕಟ್ಟಿಬಿಟ್ಟಿದ್ದರು. ಉಳಿದ ತಿಂಗಳುಗಳ ಪಾಲನ್ನು ನಾವು ಕೊಡುವಂತೆ, ರಿಯಾಯಿತಿ ಕಳೆದ ಮೊತ್ತದ ಮೇಲೆಯೇ ಬರಹಗಾರರು ಲೆಕ್ಕ ಹಾಕಿಕೊಟ್ಟರು.

ಕೊರತೆಗಳೂ ಉಂಟು. ಕರಡಿನಲ್ಲಿ ಚೆಕ್ಕುಬಂದಿಯ (ಸ್ವತ್ತಿನ ನಾಲ್ಕು ಗಡಿಗಳ ವಿವರದ) ಪೂರ್ವ ಪಶ್ಚಿಮಗಳು ಅದಲುಬದಲಾಗಿದ್ದವು. ನಾವೇ ಹಿಡಿದು ತಿದ್ದಿಸಬೇಕಾಯಿತು. ಶುಲ್ಕಕ್ಕೆ ರಸೀದಿ ಕೊಡುವ ಪದ್ಧತಿ ಅವರಲ್ಲಿಲ್ಲ, ಹಾಗಾಗಿ ದರವನ್ನು ಕರಡು ಬರೆಸುವ ಮುನ್ನವೇ ಮಾತನಾಡಿಕೊಳ್ಳುವುದು ಒಳ್ಳೆಯದು.