ಚಿತ್ರಕ್ಕೆ ಪೂರ್ತಿ ಅಂಕ, ದನಿಗೆ ಮಾತ್ರ ಜಗಳ

ವಿಜಯಪುರದಲ್ಲಿ ಶಾಲೆ ಮಕ್ಕಳಿಗಾಗಿ ಪಾಠದ ವಿಡಿಯೊ ಮಾಡುತ್ತೇನೆ. ಈ ಅನಿಮೇಷನ್ ಸಾಫ್ಟ್‌ವೇರ್ ತಗೊಂಡು ವರ್ಷದ ಮೇಲಾಯಿತು. ಬ್ರಷ್, ಲೇಯರ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ನನ್ನ ತಕರಾರು ದನಿಯದ್ದು.

ಗೋಳಗುಮ್ಮಟದ ಪಾಠ ಮಾಡುತ್ತಿದ್ದೆ. ಮೇಲಿನ ಗ್ಯಾಲರಿಯಲ್ಲಿ ಹುಡುಗಿ ಚಪ್ಪಾಳೆ ತಟ್ಟುತ್ತಾಳೆ. ಪ್ರತಿಧ್ವನಿ ಬಂದಾಗಲೆಲ್ಲ ಅವಳ ಕಣ್ಣು ಅತ್ತ ಹೊರಳಬೇಕು. ದನಿ ಚೂರು ಆಚೀಚೆಯಾದರೂ ದೃಶ್ಯ ಕೆಟ್ಟಿತು, ಅಲ್ವಾ? ರೆಕಾರ್ಡ್ ಮಾಡಿದ ಫೈಲನ್ನು ಟೈಮ್‌ಲೈನಿಗೆ (ಚಿತ್ರ, ದನಿ ಸಾಲಾಗಿ ಜೋಡಿಸುವ ಪಟ್ಟಿ) ಹಾಕಿದ ಕೂಡಲೇ ಪಾಠ ಹೇಳುವ ಟೀಚರ ದನಿ ತೆಳ್ಳಗಾಗಿ ಓಡತೊಡಗಿತು. ಒಂದು ನಿಮಿಷದ ಮಾತು 55 ಸೆಕೆಂಡಿಗೇ ಮುಗಿಯಿತು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ, ಕೊನೆಗೆ ಹೆಚ್ಚುಕಡಿಮೆ 120 ಫ್ರೇಮ್ ವ್ಯತ್ಯಾಸ! ಸಹಾಯ ಕೇಳಿದರೆ ‘ಮತ್ತೆ ಇನ್‌ಸ್ಟಾಲ್ ಮಾಡಿ’ ಅಂದರು. ಸಿಟ್ಟು ನೆತ್ತಿಗೇರಿತು.

ಕಾರಣ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದು ದಾಖಲಿಸಿದೆ ಎಂಬ ಲೆಕ್ಕ. ರೆಕಾರ್ಡಿಂಗ್ 44,100 ಹರ್ಟ್ಸ್, ಪ್ರಾಜೆಕ್ಟ್ 48,000. ಸಾಫ್ಟ್‌ವೇರ್ ಇದನ್ನು ಹೊಂದಿಸುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ. ಸುಮ್ನೆ 48,000ದ ವೇಗದಲ್ಲೇ ಓಡಿಸಿಬಿಡುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿ ಉಚಿತ. ಅದರಲ್ಲಿ ಫೈಲ್ ತೆರೆದು, ಟ್ರ್ಯಾಕ್ಸ್ ಮೆನುವಿನಲ್ಲಿ ರೀಸ್ಯಾಂಪಲ್ ಆರಿಸಿ 48,000 ಕೊಡಿ. ಅದೇ ರೇಟಿನಲ್ಲಿ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಟ್ರ್ಯಾಕ್ ಪಕ್ಕದ ಮೆನುವಿನ ‘ರೇಟ್’ ಮುಟ್ಟಬೇಡಿ, ಅದು ವೇಗವನ್ನೇ ಬದಲಿಸುತ್ತದೆ. ಇನ್ನೊಂದು ಮಾತು: ದನಿ ಸರಿಯಿದ್ದು ಚಿತ್ರ ಮಾತ್ರ ಹಿಂದೆ ಬಿದ್ದರೆ ಅದು ಬೇರೆ ರೋಗ. ಕಂಪ್ಯೂಟರಿಗೆ ಪ್ರಿವ್ಯೂ ಭಾರವಾಗಿರುತ್ತದೆ. ಪ್ರಿವ್ಯೂ ಗುಣಮಟ್ಟ ಇಳಿಸಿ ನೋಡಿ.

ದನಿ ಸರಿಹೋದ ಮೇಲೆ ಈ ಸಾಫ್ಟ್‌ವೇರ್ ಮೇಲಿನ ಪ್ರೀತಿ ಮರಳಿ ಬಂತು, ನಿಜ. ರಾತ್ರಿ ಊಟ ಮುಗಿಸಿ, ಹೆಡ್‌ಫೋನ್ ಹಾಕಿ, ದನಿಯ ಅಲೆಯನ್ನು ದೊಡ್ಡದು ಮಾಡಿಕೊಂಡು ಕೂರುತ್ತೇನೆ. ಚಪ್ಪಾಳೆ ಬಿದ್ದ ಕಡೆ ಅಲೆ ಸಟಕ್ಕನೆ ಏಳುತ್ತದೆ. ಆಮೇಲೆ ಒಂದಕ್ಕಿಂತ ಒಂದು ಗಿಡ್ಡ ಗುಡ್ಡಗಳು, ಅವೇ ಪ್ರತಿಧ್ವನಿಗಳು. ಒಂದೊಂದರ ಬುಡಕ್ಕೂ ಒಂದೊಂದು ಕಣ್ಣಿನ ಚಿತ್ರ ಇಡುತ್ತೇನೆ. ‘ಮ’, ‘ಪ’ ಬಂದಲ್ಲಿ ಮುಚ್ಚಿದ ತುಟಿ. ಮೌಸ್ ಎಳೆದರೆ ಆ ಜಾಗದ ಸದ್ದು ಅಲ್ಲೇ ಕೇಳುತ್ತದೆ. ಈ ಒಂದು ಸೌಲಭ್ಯಕ್ಕೇ ನಾನು ಇನ್ನೂ ಇದನ್ನು ಬಿಟ್ಟಿಲ್ಲ.

ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದು. ತಿಂಗಳು ತಿಂಗಳು ಕಟ್ಟುವುದು ನನ್ನ ಬಜೆಟ್ಟಿಗೆ ಆಗದು. ಹಾಗಾಗಿ ಐದಕ್ಕೆ ನಾಲ್ಕು ನಕ್ಷತ್ರ. ಫೈಲ್ ಹಾಕುವಾಗಲೇ ‘ರೇಟ್ ಬೇರೆ ಇದೆ, ಬದಲಿಸಲೇ?’ ಎಂದು ಕೇಳುವ ದಿನ ಉಳಿದ ಒಂದನ್ನೂ ಕೊಡುತ್ತೇನೆ.