ಅಂಗಡಿ ಸೌಂಡ್‌ಬಾಕ್ಸ್: ಬಾಡಿಗಿ ಕೊಟ್ಟು ಇಟ್ಕೋಬೇಕಾ, ಬ್ಯಾಡಾ?

ಸ್ಕ್ಯಾನರ್ ಜೊತಿ ಕೊಡ್ತಾರಲ್ಲ, ರೊಕ್ಕ ಬಂದಕೂಡ್ಲೆ ಒದರೋ ಡಬ್ಬಿ, ಅದನ್ನ ತಗೋಬೇಕೋ ಬ್ಯಾಡೋ ಅಂತ ಪರಿಚಯದ ಅಂಗಡಿಯವ್ರು ಭಾಳ ಮಂದಿ ಕೇಳಾಕತ್ತಾರ, ಅದಕ್ಕ ಬರ್ಯಾಕತ್ತೀನಿ. ನಮ್ದು ಕೊಪ್ಪಳದಾಗ ಗಡಿಯಾರ ಕಂಬದ ಕಡೆ ಕಿರಾಣಿ ಅಂಗಡಿ, ಅಪ್ಪ ನಾನು ಇಬ್ರ ನೋಡ್ಕೋತೀವಿ. ಕಂಪನಿ ಹೆಸರು ಬರಿಯಂಗಿಲ್ಲ, ಬಾಜೂ ಅಂಗಡ್ಯಾಗ ಬ್ಯಾರೆ ಕಂಪನಿದು ಐತಿ, ಅದರ ಹಣೇಬರಾನೂ ಸುಮಾರು ಇಷ್ಟ.

ಸಂಜಿ ಹೊತ್ತು ಗದ್ಲ ಆಗೋ ಅಂಗಡಿ ಇದ್ರ ವಿಚಾರ ಮಾಡಬ್ಯಾಡ್ರಿ, ತಗೋರಿ. ತಾಸಿಗೊಬ್ಬ ಗಿರಾಕಿ ಬರೋ ಅಂಗಡಿ ಆದ್ರ ಬ್ಯಾಡ, ಬ್ಯಾಂಕಿನ ಮೆಸೇಜ್ ನೋಡ್ಕೊಂಡ್ರ ಸಾಕು, ಸುಮ್ನ ಬಾಡಿಗಿ ದಂಡ.

ಯಾಕಂತ ಹೇಳ್ತೀನಿ. ಸಂಜಿ ಆರರ ಮ್ಯಾಲೆ ನನ್ನ ಎರಡೂ ಕೈ ತಕ್ಕಡಿ ಮ್ಯಾಲೆ ಇರ್ತಾವ, ಒಬ್ರು ಬೆಲ್ಲ ಅಂತಾರ ಇನ್ನೊಬ್ರು ಪುಟಾಣಿ ಅಂತಾರ, ಅದರಾಗ ಹಿಂದಿನಿಂದ ಒಬ್ಬ ಹುಡುಗ ಫೋನ್ ಎತ್ತಿ ತೋರ್ಸಿ "ಹಾಕೀನ್ರಿ ಅಣ್ಣಾ" ಅಂತಂದು ಗಾಡಿ ಹತ್ತಿ ಹೋಗೇ ಬಿಡ್ತಾನ. ಹಸರು ಟಿಕ್ ಕಂಡ್ರ ರೊಕ್ಕ ಬಂತು ಅಂತ ಅಲ್ರಿ, ಥೇಟ್ ಅಂಥದೇ ಸ್ಕ್ರೀನ್ ತೋರ್ಸೋ ಕಳ್ಳ ಆ್ಯಪ್ ಅದಾವ, ಹೆಸರು ಅಮೌಂಟು ಟೈಮು ಎಲ್ಲಾ ಹಾಕಿ ಕೊಡ್ತಾವ. ಈ ಡಬ್ಬಿಗೆ ಗಿರಾಕಿ ಫೋನಿನ ಜೊತಿ ಸಂಬಂಧನ ಇಲ್ಲ, ಒಳಗ ಅದರದ್ದ ಒಂದು ಸಿಮ್ ಇರ್ತೈತಿ, ಪೇಮೆಂಟ್ ಆಗೈತಿ ಅಂತ ಕಂಪನಿ ಸರ್ವರ್ ಹೇಳಿದ್ರ ಅಷ್ಟ ಬಾಯಿ ಬಿಡ್ತೈತಿ. ಸ್ಕ್ರೀನ್‌ಶಾಟ್ ತೋರ್ಸಿ ಇದನ್ನ ಮಾತಾಡಿಸಾಕ ಆಗಂಗಿಲ್ಲ. ಬಾಡಿಗಿ ಕೊಡೋದು ಇದೊಂದಕ್ಕ ಅಂತ ತಿಳ್ಕೋರಿ.

ಇನ್ನೊಂದು ಲಾಭ ಅಪ್ಪಂದು. ಅವ್ರು ಸ್ಮಾರ್ಟ್‌ಫೋನ್ ಮುಟ್ಟಂಗಿಲ್ಲ. ಮೊದ್ಲು ನಾ ಮಾಲ್ ತರಾಕ ಹೋದಾಗ ಯಾರರ ಸ್ಕ್ಯಾನ್ ಮಾಡಿದ್ರ ನನಗ ಫೋನ್ ಹಚ್ಚಿ "ತಮ್ಮಾ, ನಲವತ್ತೆರಡು ಬಂದೈತೇನು ನೋಡಪಾ" ಅಂತಿದ್ರು, ಗಿರಾಕಿ ಅಲ್ಲೇ ನಿಂತಿರ್ತಿದ್ದ. ಈಗ ಆರಾಮ ಗಲ್ಲಾದ ಮ್ಯಾಲೆ ಕುಂದರ್ತಾರ. ಬಂದಾಗ ಹಿಂದಿ ಒಳಗ ಮಾತಾಡ್ತಿತ್ತು, ಆ್ಯಪ್‌ನ್ಯಾಗ ಹೋಗಿ ಕನ್ನಡ ಮಾಡ್ಕೋಬೇಕು, ಏಜೆಂಟ್ ತಾನಾಗೇ ಮಾಡಿ ಕೊಡಂಗಿಲ್ಲ, ಮುಂದ ನಿಂತು ಮಾಡಿಸ್ಕೋರಿ.

ಈಗ ರೊಕ್ಕದ ಮಾತು. ಬಾಡಿಗಿ ತಿಂಗಳಾ ನೂರರ ಆಜೂಬಾಜೂ, ಕೈಲೆ ಕೊಡೋದಲ್ಲ, ನಮ್ಮ ಕಲೆಕ್ಷನ್‌ನಾಗ ಮುರ್ಕೋತಾರ, ಹಂಗಾಗಿ ಲೆಕ್ಕಕ್ಕ ಬರಂಗಿಲ್ಲ. ಇಷ್ಟೆಲ್ಲಾ ಫ್ರೀ ಅಂತಾರ, ಬಾಡಿಗಿ ಯಾಕ ಅಂತ ಅಪ್ಪ ಕೇಳಿದ್ರು. ಬ್ಯಾಂಕ್ ಖಾತೆಯಿಂದ ಮಾಡೋ ಯುಪಿಐಗೆ 2020ರ ಜನವರಿಯಿಂದ ಅಂಗಡಿಯವ್ರ ಕಡೆ ಎಂಡಿಆರ್, ಅಂದ್ರ ಪೇಮೆಂಟಿಗೆ ಇಷ್ಟು ಅಂತ ಮುರ್ಕೊಳ್ಳೋ ಕಮಿಷನ್, ತಗೊಳ್ಳಂಗಿಲ್ಲ, ಕಾರ್ಡ್ ಸ್ವೈಪ್‌ಗೆ ಇದ್ದಂಗ ಪರ್ಸೆಂಟೇಜ್ ಇಲ್ಲ, ಅಂದಮ್ಯಾಲೆ ಕಂಪನಿಯವ್ರು ಗಳಿಸೋದು ಎಲ್ಲಿ? ಒಂದು ಈ ಬಾಡಿಗ್ಯಾಗ, ಇನ್ನೊಂದು ಲೋನ್‌ದಾಗ. ಡಬ್ಬಿ ಇಟ್ಟ ಮ್ಯಾಲೆ ಲೋನ್ ಫೋನು ಶುರುವಾಗ್ತಾವ, "ಸರ್ ನಿಮಗೆ ಪ್ರೀ ಅಪ್ರೂವ್ಡ್ ಐತಿ" ಅಂತ, ಊಟಕ್ಕ ಕುಂತಾಗ ಬರೋಬ್ಬರಿ. ದಿನಾ ಕಲೆಕ್ಷನ್‌ನಾಗ ಇಷ್ಟಿಷ್ಟು ಕಟ್ ಆಗ್ತೈತಿ, ಗೊತ್ತೇ ಆಗಂಗಿಲ್ಲ ಅಂತಾರ. ಗೊತ್ತೇ ಆಗದಂಗ ರೊಕ್ಕ ಹೋಗೋದು ಒಳ್ಳೇದು ಹೆಂಗಾತು ಅಂತ ನನಗ ಇನ್ನೂ ತಿಳಿದಿಲ್ಲ.

ನೆಟ್‌ವರ್ಕ್. ಉಳಿದ ದಿನ ಏನೂ ತಕರಾರಿಲ್ಲ, ಕರೆಂಟ್ ಹೋದ್ರೂ ಒಳಗ ಬ್ಯಾಟ್ರಿ ಐತಿ. ಆದ್ರ ಜನವರಿ ಹೊತ್ತಿಗೆ ಗವಿಮಠದ ಜಾತ್ರಿ ಬಂತಂದ್ರ ಇದು ಮೂಕ ಆಗ್ತೈತಿ. ತೇರಿನ ದಿನ ಊರಾಗ ಲಕ್ಷಗಟ್ಲೆ ಮಂದಿ, ಎಲ್ಲಾರ ಕೈಯಾಗೂ ಫೋನು, ಟವರ್ ಆದ್ರೂ ಏನ್ ಮಾಡ್ತೈತ್ರಿ ಪಾಪ. ಗಿರಾಕಿ ಫೋನ್‌ದಾಗ ಸಕ್ಸಸ್, ನಮ್ಮ ಡಬ್ಬಿ ಗಪ್ಪ. ನಟ್ಟ ನಡು ರಾತ್ರಿ ಶಟರ್ ಹಾಕಿದ ಮ್ಯಾಲೆ ಒಂದರ ಹಿಂದೊಂದು ಕಪ್ಪಿ ವಟಗುಟ್ಟಿದಂಗ ಒದರಾಕ ಶುರು ಮಾಡ್ತೈತಿ. ಅಂಥಾ ದಿನ ನಗದು ಅಷ್ಟ ಅಂತ ಬೋರ್ಡ್ ಹಾಕೋದು ಚಲೋ. 2025ರ ಏಪ್ರಿಲ್ 12, ಶನಿವಾರ, ದೇಶದ ತುಂಬ ಯುಪಿಐ ಕೈ ಕೊಟ್ಟಾಗಲೂ ಗಲ್ಲಾದಾಗ ಚಿಲ್ಲರ್ ಇಟ್ಟವ್ರ ಅಷ್ಟ ವ್ಯಾಪಾರ ಮಾಡಿದ್ರು.

ಚಿಲ್ಲರ್ ಅಂದ್ರ ನೆನಪಾತು, ಈಗ ಊರಾಗ ಕಿರಾಣಿ ಅಂಗಡೀನ ಎಟಿಎಂ ಆಗ್ಯಾವ. "ಸಾವಕಾರ್ರ, ಎರಡು ಸಾವಿರ ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡ್ರಿ" ಅಂತ ಬರ್ತಾರ, ಮಾಲ್ ಇಲ್ಲ ಏನಿಲ್ಲ. ಪರಿಚಯದವ್ರು, ಇಲ್ಲ ಅನ್ನಾಕ ಆಗಂಗಿಲ್ಲ. ಆದ್ರ ಹಿಂಗ ಬಂದಿದ್ದು ಖಾತ್ಯಾಗ ವ್ಯಾಪಾರದಂಗ ಕಾಣ್ತೈತಿ. 2025ರ ಜುಲೈದಾಗ ವಾಣಿಜ್ಯ ತೆರಿಗೆ ಇಲಾಖೆಯವ್ರು ಯುಪಿಐ ಲೆಕ್ಕ ಹಿಡ್ಕೊಂಡು ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದ್ರಲ್ಲ, ಬೆಂಗಳೂರಾಗ ಸ್ಕ್ಯಾನರ್ ತೆಗೆದು ಕ್ಯಾಶ್ ಓನ್ಲಿ ಅಂತ ಹಚ್ಚಿದ್ರು. ಆಮ್ಯಾಲೆ ಮುಖ್ಯಮಂತ್ರಿಗಳು ವ್ಯಾಪಾರಸ್ಥರ ಜೊತಿ ಮೀಟಿಂಗ್ ಮಾಡಿ ಹಳೇ ಬಾಕಿ ವಸೂಲಿ ಮಾಡಂಗಿಲ್ಲ ಅಂದ ಮ್ಯಾಲೆ ತಣ್ಣಗಾತು. ಆಗ ಡಬ್ಬಿ ಬ್ಯಾಡ, ಕಿತ್ತು ಒಗಿ ಅಂತ ನಮ್ಮ ಓಣ್ಯಾಗೂ ಮಾತಾಡ್ತಿದ್ರು. ಅದೇನು ಶಾಣ್ಯಾತನ ಅಲ್ಲ ಬಿಡ್ರಿ, ಮಾಲು ಮಾರೋರಿಗೆ ವರ್ಷಕ್ಕ 40 ಲಕ್ಷ, ಸೇವಾ ಕೊಡೋರಿಗೆ 20 ಲಕ್ಷ ದಾಟಿದ್ರ ಜಿಎಸ್‌ಟಿ ರಿಜಿಸ್ಟ್ರೇಷನ್ ಅನ್ನೋ ಲೆಕ್ಕದಾಗ ನಗದು ವ್ಯಾಪಾರಾನೂ ಕೂಡ್ತೈತಿ. ಡಬ್ಬಿ ಕಿತ್ತಿದ್ರ ವ್ಯಾಪಾರ ಕಡಿಮಿ ಆಗಂಗಿಲ್ಲ. ನಾವು ಮಾಡಿದ್ದು ಇಷ್ಟ: ಕ್ಯಾಶ್ ಕೊಟ್ಟಿದ್ದಕ್ಕ ಬ್ಯಾರೆ ಒಂದು ನೋಟ್‌ಬುಕ್ಕು, ಹೆಸರು, ತಾರೀಖು, ಎಷ್ಟು ಅಂತ.

ಉದ್ರಿ ವಸೂಲಿಗೆ ಮಾತ್ರ ಇದು ಭಾರಿ ಉಪಯೋಗ ಆತು, ಇದನ್ನ ಏಜೆಂಟ್ ಹೇಳಿರಲಿಲ್ಲ. ಊರಾಗ ಅವ್ವ ಅಪ್ಪ ಇಬ್ರ, ಮಗ ದುಡಿಯಾಕ ಬೆಂಗಳೂರಾಗ, ಇಂಥ ಮನಿ ನಮ್ಮ ಕಡೆ ಎಷ್ಟು ಬೇಕಷ್ಟು. ಅವರ ಸಂತಿ ಬಾಕಿ ಮಗ ಅಲ್ಲಿಂದನ ಹಾಕ್ತಾನ. ಮಧ್ಯಾಹ್ನ ಅಂಗಡಿ ಮುಂದ ಒಂದು ಪಿಳ್ಳಿ ಇರಂಗಿಲ್ಲ, ಒಮ್ಮಿಗೇ "ಒಂಬೈನೂರಾ ಐವತ್ತು ರೂಪಾಯಿ" ಅಂತೈತಿ, ಅಪ್ಪ ಉದ್ರಿ ವಹಿ ತೆಗೆದು ಯಾರಿದ್ದಾರು ಅಂತ ಹುಡಕ್ತಾರ. ಯಾರು ಕಳಿಸಿದ್ರು ಅಂತ ಡಬ್ಬಿ ಹೇಳಂಗಿಲ್ಲ, ಅದೊಂದು ಕೊರತಿ.

ಹಂಗಂತ ನಗದು ಹೋಗೇ ಬಿಟ್ಟೈತಿ ಅಂತ ಅಲ್ಲ. ಹಮಾಲರು ಚೀಲ ಇಳಿಸಿದ ಕೂಡ್ಲೆ ಕೈಯಾಗ ಕೇಳ್ತಾರ. ನಮ್ಮ ಮುಂದ ಕಾಯಿಪಲ್ಲೆ ಮಾರೋ ಯಮ್ಮ ಸ್ಕ್ಯಾನರ್ ಇಟ್ಟಿದ್ಲು, ತೆಗೆದ್ಲು, ರೊಕ್ಕ ಎಲ್ಲಾ ಮಗನ ಖಾತೆಗೆ ಹೋಗಿ ಸಂಜಿಗೆ ಈಕಿ ಉಡಿ ಖಾಲಿ. "ಬಸ್ಸೇನೋ ಫ್ರೀ ಐತಿ, ಚಾ ಫ್ರೀ ಕೊಡ್ತಾರೇನು" ಅಂತಾಳ. ಡಬ್ಬಿ ಮಾರೋರು ಆಕಿ ಕಡೆ ಹೋಗೋಕಿಂತ ಮೊದ್ಲು ಖಾತೆ ಯಾರ ಹೆಸರಿಗೆ ಐತಿ ಅಂತ ಕೇಳಬೇಕಿತ್ತು.

ನಂದು ಐದಕ್ಕ ಮೂರೂವರೆ ಸ್ಟಾರ್. ಒಂದು ಕಟ್ ಮಾಡಿದ್ದು ಲೋನ್ ಫೋನಿಗೆ, ಅರ್ಧ ವಾಪಸ್ ಮಾಡೋ ತ್ರಾಸಿಗೆ. ಬಾಜೂ ಅಂಗಡಿಯವ್ರು ಬ್ಯಾಡ ಅಂತ ಹೇಳಿದ ಮ್ಯಾಲೂ, ಡಬ್ಬಿ ಒಯ್ಯೋ ತನಕ ಕಂಪನಿಯವ್ರು ಬಾಡಿಗಿ ಮುರ್ಕೋತಾನ ಇದ್ರು. ವಾಪಸ್ ಕೊಡೋರು ಮೊದ್ಲು ಆ್ಯಪ್‌ನ್ಯಾಗ ಕಂಪ್ಲೇಂಟ್ ಹಾಕಿ ನಂಬರ್ ತಗೋರಿ, ಡಬ್ಬಿ ಬುಡಕಿರೋ ಸೀರಿಯಲ್ ನಂಬರ್ ಫೋಟೋ ಹೊಡ್ಕೋರಿ, ಒಯ್ಯಾಕ ಬಂದ ಹುಡುಗ ಅವನ ಫೋನ್‌ದಾಗ ರಿಟರ್ನ್ ಅಂತ ಎಂಟ್ರಿ ಮಾಡೋ ಮಟ ಕೈಗೆ ಕೊಡಬ್ಯಾಡ್ರಿ.