5+1 ಅಥವಾ ಕ್ಲಿನಿಕಲ್ ಮಾಸ್ಟರ್ಸ್: ಆಸ್ಟ್ರೇಲಿಯಾದಲ್ಲಿ ಸೈಕಾಲಜಿಸ್ಟ್ ಆಗಲು ಯಾವ ದಾರಿ?

ಆಸ್ಟ್ರೇಲಿಯಾದಲ್ಲಿ ಸೈಕಾಲಜಿಸ್ಟ್ ಆಗಬೇಕೆಂದು ಹೊರಟವರ ಕಣ್ಣು ಮೊದಲು ಬೀಳುವುದು ಕ್ಲಿನಿಕಲ್ ಮಾಸ್ಟರ್ಸ್ ಸೀಟಿನ ಮೇಲೆ. ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ, ಅದರಾಚೆಯ ವರ್ಷವೂ ಅರ್ಜಿ. 5+1, ಅಂದರೆ ಐದು ವರ್ಷ ಓದಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡುವ ಇನ್ನೊಂದು ದಾರಿಯನ್ನು, ಸೀಟು ಸಿಗದವರ ಪಾಲಿನದು ಎಂದು ಪಕ್ಕಕ್ಕಿಟ್ಟುಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಪಿಆರ್ (ಕಾಯಂ ವಾಸದ ಹಕ್ಕು) ಅಥವಾ ಪೌರತ್ವ ಇದ್ದು, ಬಾಡಿಗೆಯೋ ಸಾಲದ ಕಂತೋ ಕಟ್ಟುತ್ತಾ, ಎರಡು ವರ್ಷ ಸಂಬಳವಿಲ್ಲದೆ ಇರಲಾಗದವರಿಗೆ 5+1 ಮೊದಲ ಆಯ್ಕೆಯೇ ಆಗಬೇಕು. ವಿದ್ಯಾರ್ಥಿ ವೀಸಾದಲ್ಲಿ ಬರುವವರ ಲೆಕ್ಕ ಬೇರೆ. ಅದು ಮುಂದೆ ಬರುತ್ತದೆ.

ಎರಡೂ ದಾರಿಗೆ ಹೊಸ್ತಿಲು ಒಂದೇ: ಏಪ್ಯಾಕ್ (ಇಲ್ಲಿನ ಸೈಕಾಲಜಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ನಾಲ್ಕು ವರ್ಷದ ಸೈಕಾಲಜಿ ಓದು. ಭಾರತದಲ್ಲಿ ಬಿಎ, ಎಂಎ ಮಾಡಿದವರು ಮೊದಲು ಎಪಿಎಸ್ (ಆಸ್ಟ್ರೇಲಿಯನ್ ಸೈಕಲಾಜಿಕಲ್ ಸೊಸೈಟಿ) ಮೂಲಕ ಪದವಿಗಳ ತುಲನೆ ಮಾಡಿಸಬೇಕು. ಮೂರು ವರ್ಷಕ್ಕೆ ಸಮ ಎಂದು ಬಂದರೆ ಇಲ್ಲಿ ನಾಲ್ಕನೇ ವರ್ಷವನ್ನು ಆನರ್ಸ್ ಅಥವಾ ಗ್ರಾಜುಯೇಟ್ ಡಿಪ್ಲೊಮಾ ಆಗಿ ಓದಬೇಕು. ಇದಾಗದೆ ಮಾಸ್ಟರ್ಸ್‌ಗೆ ಅರ್ಜಿ ಹಾಕಿ ಪ್ರಯೋಜನವಿಲ್ಲ. ಹೆಸರಲ್ಲಿ ‘ಸೈಕಾಲಜಿ’ ಇದ್ದೂ ಏಪ್ಯಾಕ್ ಮಾನ್ಯತೆ ಇಲ್ಲದ ಮಾಸ್ಟರ್ಸ್‌ಗಳೂ ಇವೆ; ಕೌನ್ಸೆಲಿಂಗ್ ಮಾಸ್ಟರ್ಸ್ ಕೂಡ ಸೈಕಾಲಜಿಸ್ಟ್ ನೋಂದಣಿಗೆ ಒಯ್ಯುವುದಿಲ್ಲ. ಏಪ್ಯಾಕ್ ಜಾಲತಾಣದಲ್ಲಿ ಕೋರ್ಸಿನ ಹೆಸರು ಕಣ್ಣಾರೆ ನೋಡದೆ ಶುಲ್ಕ ಕಟ್ಟಬೇಡಿ. ಹಲವು ವಿಶ್ವವಿದ್ಯಾಲಯಗಳು ನಾಲ್ಕನೇ ವರ್ಷದ ಓದು ಕಳೆದ 10 ವರ್ಷದೊಳಗಿನದಾಗಿರಬೇಕು ಎನ್ನುತ್ತವೆ. ಓದು ಬಿಟ್ಟು ಬಹಳ ವರ್ಷ ಆದವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ನಾಲ್ಕು ವರ್ಷ ಓದಿ ಎರಡು ವರ್ಷ ಇಂಟರ್ನ್‌ಶಿಪ್ ಮಾಡುವ ಹಳೆಯ 4+2 ದಾರಿ 2022ರ ಜೂನ್ 30ಕ್ಕೆ ಹೊಸಬರಿಗೆ ಮುಚ್ಚಿತು. ಅದರ ಬಗ್ಗೆ ಯಾರಾದರೂ ಸಲಹೆ ಕೊಟ್ಟರೆ ಅದು ಹಳೇ ಮಾತು.

ನಾಲ್ಕರ ನಂತರ ಎರಡು ವರ್ಷ. ಕ್ಲಿನಿಕಲ್ ಮಾಸ್ಟರ್ಸ್‌ನಲ್ಲಿ ಆ ಎರಡೂ ವರ್ಷ ವಿಶ್ವವಿದ್ಯಾಲಯದಲ್ಲೇ ಕಳೆಯುತ್ತವೆ: ತರಗತಿ, ಪ್ರಬಂಧ, ಒಟ್ಟು 1,000 ಗಂಟೆಯಷ್ಟು ಪ್ಲೇಸ್‌ಮೆಂಟ್ (ಓದಿನ ಭಾಗವಾದ ಪ್ರಾಯೋಗಿಕ ತರಬೇತಿ). 5+1ರಲ್ಲಿ ಒಂದು ವರ್ಷದ ಪ್ರೊಫೆಷನಲ್ ಸೈಕಾಲಜಿ ಮಾಸ್ಟರ್ಸ್, ಅದರೊಳಗೆ ಕನಿಷ್ಠ 300 ಗಂಟೆ ಪ್ಲೇಸ್‌ಮೆಂಟ್. ಆಮೇಲೆ ಒಂದು ವರ್ಷ ಹೊರಗೆ ಇಂಟರ್ನ್‌ಶಿಪ್. ಎರಡರಲ್ಲೂ ಪ್ಲೇಸ್‌ಮೆಂಟ್‌ಗೆ ಸಾಮಾನ್ಯವಾಗಿ ಸಂಬಳವಿಲ್ಲ. 2025ರ ಜುಲೈನಲ್ಲಿ ಸರ್ಕಾರ ಶುರುಮಾಡಿದ ಪ್ಲೇಸ್‌ಮೆಂಟ್ ಭತ್ಯೆಯೂ ಶಿಕ್ಷಕರು, ನರ್ಸ್‌ಗಳು, ಮಿಡ್‌ವೈಫ್‌ಗಳು, ಸೋಷಿಯಲ್ ವರ್ಕ್ ವಿದ್ಯಾರ್ಥಿಗಳಿಗೆ ಮಾತ್ರ, ಸೈಕಾಲಜಿಯವರಿಗೆ ಇಲ್ಲ. ಸಾವಿರ ಗಂಟೆ ಪುಕ್ಕಟೆ ದುಡಿಯುವುದಕ್ಕೂ ಮುನ್ನೂರು ಗಂಟೆ ಪುಕ್ಕಟೆ ದುಡಿದು ಮರುವರ್ಷ ಸಂಬಳ ತೆಗೆದುಕೊಳ್ಳುವುದಕ್ಕೂ ಇರುವ ಅಂತರ, ಮನೆಯಲ್ಲಿ ಒಂದೇ ಸಂಬಳ ಬರುವವರಿಗೆ ವಿವರಿಸಿ ಹೇಳಬೇಕಿಲ್ಲ.

ಇನ್ನು 5+1ರ ನಿಜವಾದ ಕಾಟ. ಅದೆಲ್ಲ ಇರುವುದು ಆ ‘+1’ರಲ್ಲಿ. ಐದನೇ ವರ್ಷ ಮುಗಿದ ದಿನ ವಿಶ್ವವಿದ್ಯಾಲಯದ ಜವಾಬ್ದಾರಿಯೂ ಮುಗಿಯಿತು. ಕೆಲಸ ನೀವೇ ಹುಡುಕಬೇಕು, ಸೂಪರ್‌ವೈಸರ್ ನೀವೇ ಹುಡುಕಬೇಕು, ಇಂಟರ್ನ್‌ಶಿಪ್ ಯೋಜನೆ ಬರೆದು, ಸೈಕಾಲಜಿಸ್ಟ್‌ಗಳ ನಿಯಂತ್ರಣ ಮಂಡಳಿಯಾದ ಸೈಕಾಲಜಿ ಬೋರ್ಡ್‌ಗೆ ಕಳಿಸಬೇಕು.

ಇಂಟರ್ನ್‌ಶಿಪ್‌ನ ಲೆಕ್ಕ ಹೀಗಿದೆ: ಒಟ್ಟು 1,540 ಗಂಟೆ. ಅದರಲ್ಲಿ 1,400 ಗಂಟೆ ವೃತ್ತಿಯ ಕೆಲಸ, 80 ಗಂಟೆ ಸೂಪರ್‌ವಿಷನ್, 60 ಗಂಟೆ ಕಲಿಕೆ. ವಾರಕ್ಕೆ 35 ಗಂಟೆಯಂತೆ 44 ವಾರಕ್ಕೆ ಸರಿಹೋಗುತ್ತದೆ. ಆದರೆ ಆ 1,400ರಲ್ಲಿ ಕನಿಷ್ಠ 500 ಗಂಟೆ ಕ್ಲೈಂಟ್ ಜೊತೆ ಕಳೆದದ್ದಾಗಿರಬೇಕು. ಎಡವುವುದು ಇಲ್ಲೇ. 500ನ್ನು 44ರಿಂದ ಭಾಗಿಸಿದರೆ ವಾರಕ್ಕೆ ಹನ್ನೊಂದೂವರೆ ಗಂಟೆಯ ಹತ್ತಿರ. ಕಡಿಮೆ ಅನ್ನಿಸುತ್ತದೆ. ಆದರೆ ಬರುತ್ತೇನೆಂದು ಬಾರದವರು, ಕೊನೆ ಗಳಿಗೆಯಲ್ಲಿ ರದ್ದು ಮಾಡುವವರು, ಶಾಲೆಯಲ್ಲಿ ಕೆಲಸವಾದರೆ ರಜೆಯ ವಾರಗಳು, ಎಲ್ಲ ಸೇರಿದರೆ ಹನ್ನೊಂದೂವರೆ ಗಂಟೆ ಕೈಗೆ ಬರಲು ಹದಿನೈದು ಗಂಟೆ ಬುಕ್ ಮಾಡಬೇಕು. ವರದಿ ಬರೆಯುವುದು, ಫೋನಿನಲ್ಲಿ ಬೇರೆ ಸಂಸ್ಥೆಯವರೊಂದಿಗೆ ಮಾತಾಡುವುದು, ಟೆಸ್ಟ್‌ಗೆ ಅಂಕ ಹಾಕುವುದು ವೃತ್ತಿಯ ಕೆಲಸವೇ, ಆದರೆ ಈ 500ರೊಳಗೆ ಬರುವುದಿಲ್ಲ. ಬರೀ ವರದಿ ಬರೆಸುವ ಕೆಲಸಕ್ಕೆ ಸೇರಿದವರಿಗೆ 1,400 ಮುಗಿದಿರುತ್ತದೆ, ಕ್ಲೈಂಟ್ ಗಂಟೆ ಅರ್ಧ ದಾರಿಯಲ್ಲೇ ಇರುತ್ತದೆ. ಒಂದು ವರ್ಷದ್ದು ಒಂದೂವರೆ ವರ್ಷಕ್ಕೆ ಎಳೆಯುತ್ತದೆ. ಸಂದರ್ಶನದಲ್ಲೇ ಕೇಳಿಬಿಡಿ: ವಾರಕ್ಕೆ ಎಷ್ಟು ಗಂಟೆ ಕ್ಲೈಂಟ್ ಎದುರು ಕೂರಿಸುತ್ತೀರಿ?

ಕೆಲಸದ ಹೆಸರೂ ಮುಖ್ಯ. ಸಪೋರ್ಟ್ ವರ್ಕರ್, ಕೇಸ್ ಮ್ಯಾನೇಜರ್ ಎಂದು ಸೇರಿ, ಮಾಡುವುದು ಸೈಕಾಲಜಿಯದೇ ಕೆಲಸ ಎಂದರೆ ನಡೆಯುವುದಿಲ್ಲ. ಉದ್ಯೋಗ ವಿವರಣೆಯಲ್ಲಿ ಅಸೆಸ್‌ಮೆಂಟ್, ಚಿಕಿತ್ಸೆ ಎರಡೂ ಬರವಣಿಗೆಯಲ್ಲಿ ಇರಬೇಕು. ಬರೀ ಮಾತಿನ ಚಿಕಿತ್ಸೆ ನಡೆಯುವ ಕಡೆ ಟೆಸ್ಟ್ ಕೊಡುವ ಅಭ್ಯಾಸ ಸಿಗುವುದಿಲ್ಲ. ಆಗ ವೆಕ್ಸ್‌ಲರ್ ಬುದ್ಧಿಮಾಪನ, ವ್ಯಕ್ತಿತ್ವ ಪರೀಕ್ಷೆಗಳಿಗಾಗಿ ಇನ್ನೊಂದು ಜಾಗ ಸೇರಿಸಿಕೊಳ್ಳಬೇಕಾಗುತ್ತದೆ. ಸರ್ಕಾರಿ ಶಿಕ್ಷಣ ಇಲಾಖೆ, ಜೈಲು ಇಲಾಖೆ, ದೊಡ್ಡ ಸಮುದಾಯ ಸಂಸ್ಥೆಗಳು ಈ ವಿಷಯದಲ್ಲಿ ವಾಸಿ. ಒಳಗೇ ಸೂಪರ್‌ವೈಸರ್ ಇರುವ ಸಂಭವ ಹೆಚ್ಚು. ಖಾಸಗಿ ಕ್ಲಿನಿಕ್‌ಗಳು ಇಂಟರ್ನ್‌ಗಳನ್ನು ತೆಗೆದುಕೊಳ್ಳಲು ಹಿಂಜರಿಯುವುದಕ್ಕೆ ನೇರ ಕಾರಣವಿದೆ: ಪ್ರೊವಿಷನಲ್ ನೋಂದಣಿ (ತರಬೇತಿ ಅವಧಿಯ ತಾತ್ಕಾಲಿಕ ನೋಂದಣಿ) ಇರುವವರು ನೋಡಿದ ಕ್ಲೈಂಟ್‌ಗೆ ಮೆಡಿಕೇರ್ ರಿಬೇಟ್, ಅಂದರೆ ಸರ್ಕಾರಿ ಆರೋಗ್ಯ ವಿಮೆ ಮರಳಿಸುವ ಹಣ, ಸಿಗುವುದಿಲ್ಲ. ಹಾಗಾಗಿ ನಗರದ ಕ್ಲಿನಿಕ್‌ಗಳ ಬಾಗಿಲು ತಟ್ಟಿ ಸುಸ್ತಾಗುವ ಬದಲು, ಪ್ರಾದೇಶಿಕ ಊರುಗಳ ಸರ್ಕಾರಿ ಹುದ್ದೆಗಳಿಗೆ ಐದನೇ ವರ್ಷದ ಮಧ್ಯದಲ್ಲೇ ಅರ್ಜಿ ಹಾಕಲು ಶುರುಮಾಡುವುದು ಒಳ್ಳೆಯದು.

ಸೂಪರ್‌ವಿಷನ್ ನಿಯಮ ಪ್ರತಿ 17.5 ಗಂಟೆ ಕೆಲಸಕ್ಕೆ ಒಂದು ಗಂಟೆ. ಅಂದರೆ ಪೂರ್ಣಾವಧಿಗೆ ವಾರಕ್ಕೆ ಎರಡು ಗಂಟೆ. 80ರಲ್ಲಿ 50 ಗಂಟೆ ಒಬ್ಬರಿಗೊಬ್ಬರು ಕೂತೇ ಆಗಬೇಕು. ಉಳಿದ 30 ಗುಂಪಿನಲ್ಲಿ ಆಗಬಹುದು. ಕೆಲಸದ ಜಾಗದಲ್ಲೇ ಸೂಪರ್‌ವೈಸರ್ ಇದ್ದರೆ ಇದು ಪುಕ್ಕಟೆ. ಇಲ್ಲದಿದ್ದರೆ ಹೊರಗಿನವರಿಗೆ ಹಣ ಕೊಡಬೇಕು. ವೈಯಕ್ತಿಕ ಗಂಟೆಗೆ 200 ಡಾಲರ್, ಗುಂಪಿನ ಗಂಟೆಗೆ 80 ಡಾಲರ್ ಎಂದು ಹಿಡಿದರೂ 12,400 ಡಾಲರ್ ಆಯಿತು. 5+1 ಅಗ್ಗ ಎಂಬ ಮಾತು ಇಲ್ಲೇ ಅರ್ಧ ಕರಗುತ್ತದೆ. ಆದ್ದರಿಂದ ಎರಡು ಕೆಲಸ ಸಿಕ್ಕರೆ, ಸಂಬಳ ಸ್ವಲ್ಪ ಕಡಿಮೆ ಇದ್ದರೂ ಒಳಗೆ ಸೂಪರ್‌ವೈಸರ್ ಇರುವುದನ್ನೇ ಹಿಡಿಯಿರಿ.

ಸೂಪರ್‌ವೈಸರ್ ಅನುಭವಿಯಾಗಿದ್ದರಷ್ಟೇ ಸಾಲದು, ಬೋರ್ಡ್ ಒಪ್ಪಿದ ಸೂಪರ್‌ವೈಸರ್ ಆಗಿರಬೇಕು. ಆ ಒಪ್ಪಿಗೆ ಉಳಿಯಲು ಅವರು ಐದು ವರ್ಷಕ್ಕೊಮ್ಮೆ ಮಾಸ್ಟರ್‌ಕ್ಲಾಸ್ ಮಾಡುತ್ತಿರಬೇಕು. ಬೋರ್ಡ್‌ನ ಪಟ್ಟಿಯಲ್ಲಿ ಹೆಸರಿದೆಯೇ, ನಿಮ್ಮ ವರ್ಷದ ನಡುವೆ ಅವಧಿ ಮುಗಿಯುತ್ತದೆಯೇ ಎಂದು ನೋಡಿಕೊಳ್ಳಿ. ಅವರು ದೀರ್ಘ ರಜೆ ಹೋದರೆ ಏನು ಎಂಬುದಕ್ಕೆ ಎರಡನೇ ಸೂಪರ್‌ವೈಸರ್ ಹೆಸರನ್ನು ಮೊದಲೇ ಯೋಜನೆಯಲ್ಲಿ ಸೇರಿಸಿ. ಗಂಟೆಗಳ ಲೆಕ್ಕ ಬರೆದಿಡುವ ಲಾಗ್‌ಬುಕ್ ವಾರವಾರ ತುಂಬಿ, ಸಹಿ ಹಾಕಿಸಿಕೊಳ್ಳಿ. ತಿಂಗಳುಗಟ್ಟಲೆ ಬಾಕಿ ಬಿಟ್ಟ ಮೇಲೆ ಸೂಪರ್‌ವೈಸರ್ ಕೆಲಸ ಬಿಟ್ಟು ಬೇರೆ ಊರಿಗೆ ಹೋದರೆ ಆ ಸಹಿಗಾಗಿ ಇಮೇಲ್ ಮೇಲೆ ಇಮೇಲ್ ಬರೆಯುತ್ತಾ ಕೂರಬೇಕಾಗುತ್ತದೆ. ಕೆಲಸವಾಗಲಿ ಸೂಪರ್‌ವೈಸರ್ ಆಗಲಿ ಬದಲಾದರೆ, ಅಲ್ಲಿಯವರೆಗಿನ ಗಂಟೆಗಳಿಗೆ ಸಹಿ ಮತ್ತು ಪ್ರಗತಿ ವರದಿ ಕೈಗೆ ಬರುವ ತನಕ ಆ ಜಾಗ ಬಿಡಬೇಡಿ.

ಕ್ಲಿನಿಕಲ್ ಮಾಸ್ಟರ್ಸ್‌ನಲ್ಲಿ ಈ ತಲೆನೋವು ಯಾವುದೂ ಇಲ್ಲ, ಅದನ್ನು ಒಪ್ಪಲೇಬೇಕು. ಪ್ಲೇಸ್‌ಮೆಂಟ್, ಸೂಪರ್‌ವೈಸರ್ ಎಲ್ಲ ವಿಶ್ವವಿದ್ಯಾಲಯವೇ ಹೊಂದಿಸುತ್ತದೆ. ಮೊದಲು ಅವರದೇ ಕ್ಲಿನಿಕ್‌ನಲ್ಲಿ, ಕನ್ನಡಿ ಗೋಡೆಯ ಆಚೆಯಿಂದಲೋ ರೆಕಾರ್ಡಿಂಗ್ ನೋಡಿಯೋ ನಿಮ್ಮ ಕೆಲಸ ತಿದ್ದುತ್ತಾರೆ. ಆಮೇಲೆ ಆಸ್ಪತ್ರೆ, ಸಮುದಾಯ ಸೇವೆ ಎಂದು ಹೊರಗೆ ಕಳಿಸುತ್ತಾರೆ. ತೀವ್ರ ಮಾನಸಿಕ ಕಾಯಿಲೆ ಇರುವವರ ಜೊತೆ ಕೆಲಸ ಮಾಡುವ ಆಸೆ ಇದ್ದರೆ ಆ ತರಬೇತಿಯ ಆಳ 5+1ರಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ರಾಷ್ಟ್ರೀಯ ಸೈಕಾಲಜಿ ಪರೀಕ್ಷೆ 5+1ನವರಿಗೆ ಕಡ್ಡಾಯ, ಕ್ಲಿನಿಕಲ್‌ನವರಿಗೆ ವಿನಾಯಿತಿ. 150 ಬಹು ಆಯ್ಕೆ ಪ್ರಶ್ನೆ, ಮೂರೂವರೆ ಗಂಟೆ, ವರ್ಷಕ್ಕೆ ನಾಲ್ಕು ಸಲ. ಇದಕ್ಕೆ ಹೆದರಿ ದಾರಿ ಬದಲಿಸಬೇಕಾಗಿಲ್ಲ. ಒಂದು ಎಚ್ಚರ ಮಾತ್ರ: 2025ರ ಡಿಸೆಂಬರ್ 1ರಿಂದ ಎಪಿಎಸ್ ನೀತಿಸಂಹಿತೆಯ ಜಾಗದಲ್ಲಿ ಬೋರ್ಡ್‌ನದೇ ನಡತೆ ಸಂಹಿತೆ ಬಂದಿದೆ, ಸಾಮರ್ಥ್ಯಗಳ ಪಟ್ಟಿಯೂ ಹೊಸದು. ಹಿರಿಯರು ಕೊಟ್ಟ ಹಳೇ ನೋಟ್ಸ್ ನೆಚ್ಚಿಕೊಂಡು ಕೂರಬೇಡಿ.

ಕ್ಲಿನಿಕಲ್ ಪರ ಎಲ್ಲರೂ ಹೇಳುವ ವಾದ ಮೆಡಿಕೇರ್‌ನದು. 50 ನಿಮಿಷ ದಾಟಿದ ಭೇಟಿಗೆ ಸಾಮಾನ್ಯ ಸೈಕಾಲಜಿಸ್ಟ್ ಬಳಿ ಬಂದವರಿಗೆ 100 ಡಾಲರ್ ಹತ್ತಿರ ರಿಬೇಟ್, ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಬಂದವರಿಗೆ 145 ಡಾಲರ್ ಹತ್ತಿರ. ಅಂತರ ನಿಜ. ಆದರೆ ಮಾಸ್ಟರ್ಸ್ ಮುಗಿಸಿದ ದಿನವೇ ಆ ಹೆಚ್ಚಿನ ರಿಬೇಟ್ ಬರುವುದಿಲ್ಲ. ಎಂಡಾರ್ಸ್‌ಮೆಂಟ್ (ಆ ಕ್ಷೇತ್ರದ ಪರಿಣತಿಗೆ ಬೋರ್ಡ್ ಕೊಡುವ ಮಾನ್ಯತೆ) ಬೇಕು. ಅದಕ್ಕೆ ರಿಜಿಸ್ಟ್ರಾರ್ ಆಗಿ, ಅಂದರೆ ನೋಂದಣಿಯ ನಂತರ ಸೂಪರ್‌ವಿಷನ್ ಅಡಿಯಲ್ಲಿ, 88 ವಾರ, 3,000 ಗಂಟೆ ಕೆಲಸ, 80 ಗಂಟೆ ಸೂಪರ್‌ವಿಷನ್, 80 ಗಂಟೆ ಕಲಿಕೆ ಮುಗಿಸಬೇಕು. ಅಲ್ಲಿಯ ತನಕ ಇಬ್ಬರ ಕ್ಲೈಂಟ್‌ಗಳಿಗೂ ಒಂದೇ ರಿಬೇಟ್. 5+1 ಹಿಡಿಯದೆ ತಪ್ಪಿಸಿಕೊಂಡೆವು ಎಂದುಕೊಂಡ ಸೂಪರ್‌ವಿಷನ್ ಖರ್ಚು ಕ್ಲಿನಿಕಲ್‌ನವರಿಗೆ ಇಲ್ಲಿ ಎದುರಾಗುತ್ತದೆ. ಮುಂದೆ ಕ್ಲಿನಿಕಲ್ ಬೇಕೇಬೇಕು ಎನಿಸಿದರೆ, 5+1 ಮುಗಿಸಿ ನೋಂದಣಿಯಾದವರಿಗೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಓದನ್ನು ಮನ್ನಾ ಮಾಡಿ ಉಳಿದದ್ದನ್ನು ಓದಿಸುವ ಕೋರ್ಸ್ ಇದೆ. ಆಗ ಕೈಯಲ್ಲಿ ಪೂರ್ಣ ನೋಂದಣಿ ಇರುವುದರಿಂದ, ಓದುತ್ತಲೇ ವಾರಕ್ಕೆ ಎರಡು ದಿನ ಸೈಕಾಲಜಿಸ್ಟ್ ಸಂಬಳಕ್ಕೆ ದುಡಿಯಬಹುದು.

ಶುಲ್ಕ. ಸರ್ಕಾರ ಖರ್ಚಿನ ಒಂದು ಭಾಗ ಭರಿಸುವ ಸಿಎಸ್‌ಪಿ ಸೀಟಾದರೆ ಕಡಿಮೆ. ಪೂರ್ಣ ಶುಲ್ಕದ ಸೀಟಾದರೆ ಅದರ ಮೂರು ಪಟ್ಟಿಗೂ ಹೆಚ್ಚು. ಪಿಆರ್ ಇರುವವರಿಗೆ ಸಿಎಸ್‌ಪಿ ಸೀಟು ಸಿಗಬಹುದು, ಆದರೆ ಅದರ ಹಣಕ್ಕೆ ಸರ್ಕಾರಿ ಸಾಲ ಸಾಮಾನ್ಯವಾಗಿ ಸಿಗುವುದು ಪೌರರಿಗೆ. ಪಿಆರ್‌ನವರು ಪ್ರತಿ ಸೆಮಿಸ್ಟರ್ ಕೈಯಿಂದಲೇ ಕಟ್ಟಬೇಕು. ಪೌರತ್ವ ಕೈಗೆ ಬರಲು ಕೆಲವೇ ತಿಂಗಳಿದ್ದರೆ ಪ್ರವೇಶವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಲಾಭ.

ವಿದ್ಯಾರ್ಥಿ ವೀಸಾದವರು ಇಲ್ಲಿ ಗಮನಿಸಬೇಕು. ಓದು ಮುಗಿದ ಮೇಲೆ ಇಲ್ಲೇ ಉಳಿದು ಕೆಲಸ ಮಾಡಲು ಬಿಡುವ 485 ವೀಸಾ ಸಿಗಲು ಆಸ್ಟ್ರೇಲಿಯಾದಲ್ಲಿ ಕನಿಷ್ಠ ಎರಡು ಶೈಕ್ಷಣಿಕ ವರ್ಷ, ಅಂದರೆ 92 ವಾರದ ನೋಂದಾಯಿತ ಓದು ಆಗಿರಬೇಕು. ಒಂದು ವರ್ಷದ ಪ್ರೊಫೆಷನಲ್ ಮಾಸ್ಟರ್ಸ್ ಒಂದೇ ಓದಿದರೆ ಅದು ತುಂಬುವುದಿಲ್ಲ. ‘+1’ ವಿಶ್ವವಿದ್ಯಾಲಯದ ಕೋರ್ಸೇ ಅಲ್ಲ, ಹಾಗಾಗಿ ವಿದ್ಯಾರ್ಥಿ ವೀಸಾ ಅದಕ್ಕೆ ಆಸರೆಯಾಗುವುದಿಲ್ಲ. ಪದವಿ ಕೈಯಲ್ಲಿದ್ದೂ ಇಂಟರ್ನ್‌ಶಿಪ್ ಮಾಡಲು ಕೆಲಸದ ಹಕ್ಕಿಲ್ಲದೆ ನಿಲ್ಲುವ ಪರಿಸ್ಥಿತಿ ಇದು. ನಾಲ್ಕನೇ ವರ್ಷವನ್ನೂ ಇಲ್ಲೇ ಓದಿದರೆ ಎರಡೂ ಸೇರಿ 92 ವಾರ ಆಗಬಹುದು. ವಾರಗಳನ್ನು ಕೋರ್ಸಿನ ದಾಖಲೆಯಲ್ಲೇ ಕೂಡಿಸಿ ನೋಡಿ. ಆಗದಿದ್ದರೆ ಎರಡು ವರ್ಷದ ಕ್ಲಿನಿಕಲ್ ಅಥವಾ ಎರಡು ವರ್ಷದ್ದೇ ಬೇರೆ ಮಾಸ್ಟರ್ಸ್ ಹಿಡಿಯುವುದೇ ಸರಿ. ಈ ವೀಸಾಕ್ಕೆ ಹೆಚ್ಚಿನವರಿಗೆ 35ರ ವಯೋಮಿತಿಯೂ ಇದೆ.

ಆ ‘ಬೇರೆ ಮಾಸ್ಟರ್ಸ್’ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಂಡಾರ್ಸ್‌ಮೆಂಟ್ ಇರುವ ಕ್ಷೇತ್ರಗಳು ಒಂಬತ್ತು. ಶೈಕ್ಷಣಿಕ ಮತ್ತು ಬೆಳವಣಿಗೆಯ ಸೈಕಾಲಜಿ, ಮಕ್ಕಳ ಜೊತೆ ಕೆಲಸ ಬೇಕೆನ್ನುವವರಿಗೆ ಕ್ಲಿನಿಕಲ್‌ಗಿಂತ ಒಳ್ಳೆಯದು. ಆರ್ಗನೈಸೇಷನಲ್, ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದಿಂದ ಬರುವವರಿಗೆ ಒಗ್ಗುತ್ತದೆ. ಪಿಎಚ್‌ಡಿ ಜೋಡಿಸಿದ ಮಾಸ್ಟರ್ಸ್ ಸಂಶೋಧನೆಯಲ್ಲಿ ನಿಜವಾದ ಆಸಕ್ತಿ ಇದ್ದವರಿಗೆ ಮಾತ್ರ.

ಹಾಗಾಗಿ ನನ್ನ ಮತ ಹೀಗೆ: ಕೆಲಸದ ಹಕ್ಕು ಇದ್ದು, ಹಿಡಿತದ ಬಜೆಟ್ ಇದ್ದು, ಕಾಗದಪತ್ರ ತಾವೇ ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಅಭ್ಯಾಸ ಇರುವವರಿಗೆ 5+1. ಲಾಗ್‌ಬುಕ್ ತುಂಬುವುದೆಂದರೆ ಬೇಸರ, ಯಾರಾದರೂ ವೇಳಾಪಟ್ಟಿ ಹಾಕಿಕೊಟ್ಟರೇ ನಡೆಯುತ್ತದೆ ಎನ್ನುವವರಿಗೆ ಕ್ಲಿನಿಕಲ್. ದುಡ್ಡು ಹೆಚ್ಚಾದರೂ ಅವರಿಗೆ ಅದೇ ಹಿತ. ಯಾವುದೇ ಆದರೂ ಐದನೇ ವರ್ಷದ ಪ್ಲೇಸ್‌ಮೆಂಟ್‌ಗೆ ಮೊದಲು ಆರೋಗ್ಯ ವೃತ್ತಿಗಳ ನೋಂದಣಿ ಸಂಸ್ಥೆಯಾದ ಅಹ್ಪ್ರಾದಿಂದ ಪ್ರೊವಿಷನಲ್ ನೋಂದಣಿ ಕೈಯಲ್ಲಿರಬೇಕು. ಭಾರತದಲ್ಲಿ ಬೆಳೆದವರು ಇದಕ್ಕೆ ಅಂತರರಾಷ್ಟ್ರೀಯ ಅಪರಾಧ ಹಿನ್ನೆಲೆ ತಪಾಸಣೆ ಮಾಡಿಸಬೇಕು, ಇಂಗ್ಲಿಷ್ ಸಾಮರ್ಥ್ಯದ ಪುರಾವೆ ಕೊಡಬೇಕು. ಐಇಎಲ್‌ಟಿಎಸ್ ಆದರೆ ಒಟ್ಟು 7. ಪ್ರವೇಶ ಪತ್ರ ಬಂದ ವಾರವೇ ಈ ಅರ್ಜಿ ಶುರುಮಾಡಿ, ಏಕೆಂದರೆ ನೋಂದಣಿ ಸಂಖ್ಯೆ ಬರುವ ತನಕ ಯಾವ ವಿಶ್ವವಿದ್ಯಾಲಯವೂ ನಿಮ್ಮನ್ನು ಕ್ಲೈಂಟ್ ಮುಂದೆ ಕೂರಿಸುವುದಿಲ್ಲ.